ಬಣ್ಣದ ಕಾಗದವನ್ನು ಕಾಗದವಲ್ಲ ಎಂದವರು

ಅವರು ತೀರಿಕೊಂಡ ಐದನೆಯ ದಿನ ಅವರ ಮಗ ನನ್ನ ಟೈಪಿಂಗ್ ಅಂಗಡಿಗೆ ಬಂದ. ಕೈಯಲ್ಲಿ ಒಂದು ರೂಲು ಹಾಳೆ. ಶಿವಗಣಾರಾಧನೆಗೆ ನೆಂಟರಿಷ್ಟರನ್ನು ಕರೆಯುವ ಪತ್ರ. ಸ್ಟೆನ್ಸಿಲ್ ಹೊಡೆದು ನೂರು ಪ್ರತಿ ತೆಗೆದುಕೊಡಬೇಕಿತ್ತು. 'ಸತ್ಯವಂತರೂ ಪರೋಪಕಾರಿಗಳೂ ಆದ ನಮ್ಮ ತೀರ್ಥರೂಪರು' ಎಂದು ಶುರುವಾಗಿತ್ತು. ಸಂಜೆ ಬಾ ಎಂದು ಕಳಿಸಿದೆ. ಆಮೇಲೆ ಮೆಷಿನ್ನಿಗೆ ಸ್ಟೆನ್ಸಿಲ್ ಏರಿಸಿ, ಕೈಕಟ್ಟಿಕೊಂಡು ಕೂತೆ. ಆ ಎರಡು ಪದ ನೋಡುತ್ತ ನೋಡುತ್ತ ಹಳೆಯದೆಲ್ಲ ತಲೆಗೇರಿತು.

ಸತ್ತವರನ್ನು ಆಡಿಕೊಳ್ಳಬಾರದಂತೆ. ಇರಲಿ, ನಾನು ಆಡಿಕೊಳ್ಳುತ್ತೇನೆ. ಬದುಕಿದ್ದಾಗ ಆಡಲು ಧೈರ್ಯ ಸಾಲಲಿಲ್ಲ.

ನಮ್ಮ ಬೀದಿಯಲ್ಲಿ ಅವರ ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಕಸ್ಟಮ್ಸಿನೋರು. ಹಾಲ್ಕುರಿಕೆ ಕಡೆಯವರು. ಮದ್ರಾಸಿನ ಬಂದರಿನಲ್ಲಿ ಮೂವತ್ತು ವರ್ಷ ಹೊರದೇಶದ ಸರಕು ಬಿಚ್ಚಿ ನೋಡುವ ಕೆಲಸ ಮಾಡಿ, ರಿಟೈರಾಗಿ ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯನ್ನು ಕೊಂಡು ಬಂದು ಕೂತರು. ಕೂತರು ಎಂದರೆ ನಿಜವಾಗಿಯೂ ಕೂತರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಜಗಲಿಗೆ ಬಂದರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದುದು. ಪಕ್ಕದಲ್ಲಿ ಮೂರು ಸಾಮಾನು: ಒಂದು ಭೂತಗನ್ನಡಿ, ಒಂದು ಸ್ಟೀಲಿನ ಸ್ಕೇಲು, ಕಂದು ಹಾಳೆಯ ರಟ್ಟು ಹಾಕಿದ ಸುಂಕದ ಪುಸ್ತಕ. ಲೋಕದಲ್ಲಿ ಇರುವ ಎಲ್ಲ ವಸ್ತುವಿಗೂ ಆ ಪುಸ್ತಕದಲ್ಲಿ ಒಂದು ನಂಬರು ಇತ್ತು. ಯಾವ ವಸ್ತು ಯಾವ ನಂಬರಿಗೆ ಸೇರುತ್ತದೆ ಎಂದು ಹೇಳುವುದೇ ಅವರ ವಿದ್ಯೆ.

ಬೀದಿಯಲ್ಲಿ ಏನು ಹೋದರೂ ತಡೆಯುತ್ತಿದ್ದರು. ಕನ್ನಡಕವನ್ನು ಹಣೆಗೆ ಏರಿಸಿ, ವಸ್ತುವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಸಿ, ಅಂಚಿನಲ್ಲಿ ಒಂದು ಚೂರು ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ನೋಡುತ್ತಿದ್ದರು. ಬಳೆಗಾರ್ತಿ ನಮ್ಮ ಬೀದಿ ಬಿಟ್ಟು ಹಿಂದಿನ ಓಣಿಯಿಂದ ಓಡಾಡತೊಡಗಿದಳು. ನನ್ನ ಹೊಸ ಛತ್ರಿಯ ಬಟ್ಟೆಯ ಅಂಚನ್ನೂ ಹೀಗೇ ಸುಟ್ಟಿದ್ದರು. "ನೈಲಾನು ಅಂತ ಅಂಗ್ಡಿಯೋನು ಹೇಳಿದ್ನಾ? ಸರಿಯಾಗೇ ಹೇಳವ್ನೆ," ಎಂದು ವಾಪಸು ಕೊಟ್ಟರು. ತೂತು ಬಿದ್ದ ಛತ್ರಿ ಹಿಡಿದುಕೊಂಡು ನಾನು ಆ ಮಳೆಗಾಲ ಪೂರ್ತಿ ಓಡಾಡಿದೆ.

ಆಗ ನಾನು ಮಾರ್ಕೆಟ್ ಯಾರ್ಡಿನ ಒಂದು ಕೊಬ್ಬರಿ ಮಂಡಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹರಾಜಿನ ದಿನ ಅವರು ಅಲ್ಲಿಗೂ ಬರುವರು. ಒಂದು ಸಲ ಚಿಕ್ಕನಾಯಕನಹಳ್ಳಿ ಕಡೆಯ ರೈತರೊಬ್ಬರು ಗಾಡಿಯಿಂದ ಉಂಡೆ ಕೊಬ್ಬರಿ ಇಳಿಸುತ್ತಿದ್ದರು. ಇವರು ಒಂದನ್ನು ಎತ್ತಿಕೊಂಡು ಕೇಳಿದರು: "ಇದು ತಿನ್ನೋಕೋ, ಗಾಣಕ್ಕೋ?"

"ಯಾಕೆ ಸ್ವಾಮಿ?"

"ತಿನ್ನೋಕಾದ್ರೆ ಚಾಪ್ಟರು ಎಂಟು. ಗಾಣಕ್ಕಾದ್ರೆ ಹನ್ನೆರಡು. ವಸ್ತು ಏನು ಅಂತ ಕೇಳಬಾರ್ದು ಕಣಪ್ಪ, ಯಾತಕ್ಕೆ ಅಂತ ಕೇಳ್ಬೇಕು."

ಆ ರೈತರು ಮೂಟೆಯನ್ನು ಇಳಿಸಿ, ಟವಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: "ಮೊದ್ಲು ದೇವ್ರಿಗೆ, ಆಮೇಕೆ ಮದ್ವೆಗೆ, ಆಮೇಕೆ ಮನೆಗೆ, ಉಳುದ್ರೆ ಗಾಣಕ್ಕೆ. ಅದ್ಯಾವ ನಂಬ್ರ ನೋಡ್ಕಂಡು ಹೇಳಿ, ನಾನು ಇಲ್ಲೇ ಇರ್ತೀನಿ." ಇಡೀ ಮಂಡಿ ನಕ್ಕಿತು. ಇವರು ನಗಲಿಲ್ಲ. ಗಂಭೀರವಾಗಿ ಪುಸ್ತಕ ತೆಗೆದರು.

ನಾನೂ ನಕ್ಕಿದ್ದೆ. 'ಯಾತಕ್ಕೆ ಅಂತ ಕೇಳ್ಬೇಕು' ಎಂಬ ಮಾತು ನಮ್ಮ ಮನೆಯ ಬಾಗಿಲಿಗೂ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಲಂಚ ಮುಟ್ಟಿದವರಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರೇ ಎದ್ದು ಬಂದು ತಿದ್ದಿಯಾರು. ಅಳಿಯ ಮಸ್ಕತ್ತಿನಿಂದ ಟೇಪ್ ರೆಕಾರ್ಡರ್ ತಂದಾಗ, ಸುಂಕ ಕಟ್ಟಿದ ರಸೀದಿ ತೋರಿಸಿದ ಮೇಲೇ ಕಾಲು ತೊಳೆಯಲು ನೀರು ಕೊಟ್ಟರಂತೆ. ಇದನ್ನು ಬೀದಿಯವರು ಮೆಚ್ಚಿ ಹೇಳುತ್ತಿದ್ದರು. ಅವರ ಹೆಂಡತಿ ಮಾತ್ರ ಹೇಳುವಾಗ ತಲೆ ಎತ್ತುತ್ತಿರಲಿಲ್ಲ.

ಇನ್ನು ನನ್ನ ಅವ್ವನ ಮಾತು. ಅಪ್ಪ ಹೋದ ಮೇಲೆ ಅವ್ವ ನಮ್ಮನ್ನು ಸಾಕಿದ್ದು ಕೊಬ್ಬರಿಯಿಂದ. ಬೆಳೆದಲ್ಲ, ಮಾರಿಯಲ್ಲ, ಕೆತ್ತಿ. ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿ, ಆ ಗಿಟುಕಿನ ಕಂದು ಸಿಪ್ಪೆ ಹೆರೆದು, ಚಿಕ್ಕ ಚೂರಿಯಲ್ಲಿ ಅದರ ಮೈಮೇಲೆ ನವಿಲು, ಮಲ್ಲಿಗೆ ಬಳ್ಳಿ, ಬಾಸಿಂಗ ಎಲ್ಲ ಬಿಡಿಸುತ್ತಿದ್ದಳು. ಅಂಚಿಗೆ ಬೇಗಡೆ ಅಂಟಿಸಿ, ಒಳಗೆ ಸಕ್ಕರೆ ತುಂಬಿ, ಮೇಲೆ ಬಣ್ಣದ ಗ್ಲಾಸ್ ಪೇಪರು ಸುತ್ತಿ ಕುಚ್ಚು ಕಟ್ಟಿದರೆ ಆಯಿತು. ಮದುವೆಗೆ, ಸೀಮಂತಕ್ಕೆ, ಆರತಿ ತಟ್ಟೆಗೆ ತುರುವೇಕೆರೆಯಿಂದ, ಕಿಬ್ಬನಹಳ್ಳಿಯಿಂದ ಜನ ಅವ್ವನನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರ ಮನೆಯ ಮದುವೆಯಲ್ಲಾದರೂ ತಟ್ಟೆ ನೋಡಿದ ಕೂಡಲೇ ಇದು ಇಂಥವಳ ಕೈ ಎನ್ನುವರು. ವಿಧವೆ ಎಂದು ಮದುವೆ ಮನೆಗಳಿಗೆ ಅವ್ವನನ್ನು ಒಳಗೆ ಕರೆಯುತ್ತಿರಲಿಲ್ಲ. ಅವಳ ಕೈಕೆಲಸ ಮಾತ್ರ ಹಸೆಮಣೆಯ ಪಕ್ಕದಲ್ಲೇ ಇರುತ್ತಿತ್ತು. ಅಷ್ಟು ಸಾಕು ಎನ್ನುತ್ತಿದ್ದಳು.

ಆ ವರ್ಷ ನಮ್ಮ ಮಂಡಿಯ ಸಾಹುಕಾರರ ಮಗಳ ಮದುವೆ ಗೊತ್ತಾಯಿತು. ಬೀಗರು ಬೆಂಗಳೂರಿನವರು. ಬೀಗರ ಕಡೆಗೆ ಹಂಚಲು ನೂರೊಂದು ಗಿಟುಕು ಬೇಕು ಎಂದು ಸಾಹುಕಾರರ ಹೆಂಡತಿ ಅವ್ವನಿಗೆ ಹೇಳಿ ಕಳಿಸಿದರು. ಅದೇ ಹೊತ್ತಿಗೆ ಕುವೈತಿನ ಗ್ಯಾರೇಜಿನಲ್ಲಿದ್ದ ನನ್ನ ಸೋದರಮಾವನ ಪತ್ರ ಬಂತು. ಅಲ್ಲಿನ ಅಂಗಡಿಗಳಲ್ಲಿ ಉಡುಗೊರೆ ಸುತ್ತುವ ಕಾಗದ ನೋಡಿ ಅಕ್ಕನ ನೆನಪಾಯಿತಂತೆ. ಒಂದು ಪಾರ್ಸೆಲ್ ಕಳಿಸಿದ್ದೇನೆ ಎಂದು ಬರೆದು, ಲಕೋಟೆಯಲ್ಲಿ ಮೂರು ಮಾದರಿ ತುಂಡು ಇಟ್ಟಿದ್ದ. ಒಂದು, ಈಚೆಯಿಂದ ನೋಡಿದರೆ ಆಚೆ ಕಾಣುವ ಕೆಂಪು ಹಾಳೆ. ಇನ್ನೊಂದು ಬಂಗಾರದ ತಗಡಿನಂಥದು, ಬೆನ್ನಿಗೆ ಬಿಳಿ ಕಾಗದ. ಮೂರನೆಯದು ಮಿರಮಿರ ಮಿಂಚುವ ರಿಬ್ಬನ್ನು.

ಅವ್ವ ಆ ತುಂಡುಗಳನ್ನು ಕೆತ್ತಿದ ಗಿಟುಕಿನ ಮೇಲೆ ಇಟ್ಟು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ನನ್ನ ಕೆನ್ನೆಗೂ ಹಿಡಿದು ನೋಡಿದಳು. ಮಾರನೆಯ ದಿನ ಸಾಹುಕಾರರ ಮನೆಗೆ ಹೋಗಿ ತೋರಿಸಿ ಬಂದಳು. ಅವರ ಹೆಂಡತಿ ಬೀಗರಿಗೆ ಫಾರಿನ್ ಕಾಗದದ ವಿಷಯ ಹೇಳಿಯೂ ಆಯಿತು. ಅವ್ವ ಚೂರಿ ಮಸೆದು ಕೂತಳು.

ಮದುವೆಗೆ ಒಂದೂವರೆ ತಿಂಗಳಿರುವಾಗ ಮದ್ರಾಸಿನಿಂದ ಇಂಗ್ಲಿಷಿನಲ್ಲಿ ಒಂದು ನೋಟೀಸು ಬಂತು. ಪಾರ್ಸೆಲಿನಲ್ಲಿ ಏನಿದೆ, ಯಾರು ಯಾರಿಗೆ ಕಳಿಸಿದ್ದು ತಿಳಿಸಿ ಎಂದಷ್ಟೇ ಕೇಳಿದ್ದರು. ಪೋಸ್ಟ್‌ಮ್ಯಾನ್ ಹೇಳಿದ: "ಎರಡು ಸಾಲು ಬರ್ದು ಹಾಕಮ್ಮ. ತಮ್ಮ ಅಕ್ಕನಿಗೆ ಕಳಿಸಿದ ಬಣ್ಣದ ಕಾಗದ ಅಂತ. ಸುಂಕ ಹಾಕಿ ಕಳಿಸ್ತಾರೆ, ಕಟ್ಟಿ ಬಿಡಿಸ್ಕಳಿ. ಹೋದ ತಿಂಗ್ಳು ಇನ್ನೊಬ್ರಿಗೂ ಹಂಗೇ ಬಂತು."

ಅವ್ವ ಕೇಳಬೇಕಲ್ಲ. "ಗೊತ್ತಿರೋರು ಪಕ್ಕದ ಮನೇಲೇ ಇರುವಾಗ ನಾವ್ಯಾಕೆ ತಪ್ಪುತಡಿ ಬರೆಯೋದು," ಎಂದಳು. ನೋಟೀಸು, ಮಾದರಿ ತುಂಡು ಎರಡನ್ನೂ ಹಿಡಿದು ಜಗಲಿಗೆ ಹೋದೆವು.

ಅವರ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ರಿಟೈರಾದ ಮೇಲೆ ಮೊದಲ ಸಲ ನಿಜವಾದ ಫಾರಿನ್ ಸರಕು ಕೈಗೆ ಬಂದಿತ್ತು. ಕೆಂಪು ಹಾಳೆಯ ಚೂರು ಸುಟ್ಟರು. ಅದು ಕರಗಲಿಲ್ಲ, ಕಾಗದದ ಹಾಗೆ ಉರಿದು ಬೂದಿಯಾಯಿತು.

"ಕಾಗದವೇ ಅಲ್ವಾ ಭಾವನೋರೆ?" ಎಂದಳು ಅವ್ವ.

"ಸುಟ್ರೆ ಕಾಗದ. ಮರದ ತಿರುಳಿಂದಾನೇ ಮಾಡೋದು. ಪುಸ್ತಕದಲ್ಲಿ ಮಾತ್ರ ಪ್ಲಾಸ್ಟಿಕ್ಕಿನ ಜೊತೆ. ಮೂವತ್ತೊಂಬತ್ತು."

"ಊರೆಲ್ಲ ಗ್ಲಾಸ್ ಪೇಪರ್ ಅಂತದೆ."

"ಊರಿಗೇನು ಗೊತ್ತಮ್ಮ?"

ಬಂಗಾರದ್ದು ಅಲ್ಯೂಮಿನಿಯಂ ತಗಡು, ಬೆನ್ನಿಗೆ ಕಾಗದ ಅಂಟಿದ ಮಾತ್ರಕ್ಕೆ ಕಾಗದವಾಗುವುದಿಲ್ಲ, ಎಪ್ಪತ್ತಾರು ಎಂದರು. ರಿಬ್ಬನ್ನಿನ ಅಗಲವನ್ನು ಸ್ಕೇಲಿಟ್ಟು ಅಳೆದರು. ಐದು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಪ್ಲಾಸ್ಟಿಕ್ಕು, ಕಮ್ಮಿಯಿದ್ದರೆ ನೂಲಿನ ಲೆಕ್ಕವಂತೆ. ಕೂದಲೆಳೆಯಷ್ಟು ಹೆಚ್ಚಿತ್ತು. ಅದಕ್ಕೊಂದು ಅರ್ಧ ಗಂಟೆ. ಕೊನೆಗೆ ಕನ್ನಡಕ ಇಳಿಸಿ ಕೇಳಿದರು: "ಯಾತಕ್ಕೆ ಇದು?"

ಅವ್ವನಿಗೆ ಹೆಮ್ಮೆ. "ಕೊಬ್ಬರಿ ಸುತ್ತಕ್ಕೆ ಭಾವನೋರೆ. ಸಾಹುಕಾರರ ಮಗಳ ಮದುವೆಗೆ ನೂರೊಂದು ಹೇಳವ್ರೆ."

ಅವರು ತಲೆ ಆಡಿಸಿ, ಬರೆದುಕೊಂಡರು.

ಸಂಜೆ ಕರಡು ನನ್ನ ಕೈಗೆ ಕೊಟ್ಟು, ಮಂಡಿಯ ಮೆಷಿನ್ನಿನಲ್ಲಿ ಟೈಪ್ ಮಾಡಿಕೊಂಡು ಬಾ ಎಂದರು. ಎರಡು ಪುಟ. ಮೂರು ವಸ್ತು, ಮೂರಕ್ಕೂ ನಂಬರು, ಯಾಕೆ ಆ ನಂಬರು ಎನ್ನುವ ವಾದ. ಕೊನೆಯ ಸಾಲಿನಲ್ಲಿ, ಈ ಸರಕು ಸ್ವಂತ ಬಳಕೆಗಲ್ಲ, ಪಡೆಯುವವರ ವ್ಯಾಪಾರದ ಉಪಯೋಗಕ್ಕೆ ಬಂದದ್ದು ಎಂದಿತ್ತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಆ ಸಾಲು ಅರ್ಥವಾಯಿತು. ಸುಳ್ಳು ಹೇಳುವುದಿಲ್ಲ, ಅರ್ಥವಾಯಿತು. ವಾಪಸು ಹೋಗಿ ಕೇಳಿದೆ: "ದೊಡ್ಡಪ್ಪ, ಈ ಕೊನೇ ಸಾಲು ಬೇಕಾ? ಯಾತಕ್ಕೆ ಅಂತ ಅವರು ಕೇಳೇ ಇಲ್ವಲ್ಲ."

"ಅವರು ಕೇಳಿಲ್ಲ ಅಂತ ನಾವು ಮುಚ್ಚಿಡೋದಾ? ಸುಳ್ಳು ಬರೆಸ್ತೀಯಾ ನನ್ನ ಕೈಲಿ?"

"ಸುಳ್ಳಲ್ಲ, ಸುಮ್ನೆ ಬಿಡೋದು."

"ಬಿಡೋದೂ ಸುಳ್ಳೇ ಕಣಮ್ಮ. ಟೈಪ್ ಮಾಡು, ಹೋಗು."

ಹೋಗಿ ಟೈಪ್ ಮಾಡಿದೆ. ಅವ್ವ ಕನ್ನಡದಲ್ಲಿ ನಿಧಾನವಾಗಿ ರುಜು ಹಾಕಿದಳು. ಆಮೇಲೆ ಅಷ್ಟು ವರ್ಷ ಅವರ ಮೇಲೆ ಹಲ್ಲು ಕಡಿದೆನಲ್ಲ, ಅದರಲ್ಲಿ ಒಂದು ಪಾಲು ನನ್ನ ಬೆರಳುಗಳ ಮೇಲೇ ಇತ್ತು. ದೊಡ್ಡವರು, ತಿಳಿದವರು ಎಂದು ಸುಮ್ಮನಾದೆ. ಈ ಸೀಮೆಯ ಹೆಣ್ಣುಮಕ್ಕಳಿಗೆ ಅದೊಂದು ರೋಗ.

ನಾವು ಕಾದೆವು. ಅವ್ವ ನೂರೊಂದನ್ನೂ ಕೆತ್ತಿ ಮುಗಿಸಿದಳು. ಒಂದರ ಮೇಲೆ ಮಾಡಿದ್ದನ್ನು ಇನ್ನೊಂದರ ಮೇಲೆ ಮಾಡಲಿಲ್ಲ. ನಡುಮನೆಯಲ್ಲಿ ಬಿಳಿ ಪಂಚೆ ಹಾಸಿ ಸಾಲಾಗಿ ಇಟ್ಟಿದ್ದಳು. ನಾವು ಗೋಡೆ ಪಕ್ಕದಲ್ಲಿ ಒತ್ತಿಕೊಂಡು ಓಡಾಡುತ್ತಿದ್ದೆವು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವ್ವ ಬಾಗಿಲಲ್ಲಿ ಇರುತ್ತಿದ್ದಳು.

ಮದುವೆಗೆ ಎಂಟು ದಿನವಿದ್ದಾಗ ಉತ್ತರ ಬಂತು. ಪಾರ್ಸೆಲಿಲ್ಲ, ಬರೀ ಲಕೋಟೆ. ನಾನು ಮಂಡಿಯಲ್ಲಿದ್ದೆ. ಅವ್ವ ಅದನ್ನು ಒಡೆಯದೆ ಅವರ ಕೈಗೇ ಕೊಟ್ಟಳಂತೆ. ನಾನು ಮನೆಗೆ ಬಂದಾಗ ಅವರು ನಮ್ಮ ನಡುಮನೆಯಲ್ಲಿ, ಸಾಲು ಗಿಟುಕುಗಳ ನಡುವೆ, ಆ ಹಾಳೆ ಹಿಡಿದು ನಿಂತಿದ್ದರು. ಮುಖದಲ್ಲಿ ಹಬ್ಬದ ಕಳೆ.

"ನೋಡಮ್ಮ, ಮೂರಕ್ಕೆ ಮೂರೂ ಒಪ್ಪಿಕೊಂಡವ್ರೆ. ಮೂವತ್ತೊಂಬತ್ತು, ಎಪ್ಪತ್ತಾರು, ರಿಬ್ಬನ್ನು ಮತ್ತೆ ಮೂವತ್ತೊಂಬತ್ತು. ಒಂದನ್ನೂ ತಿದ್ದಿಲ್ಲ. ನಾನು ಬರೆದಿದ್ದು ಬರೆದ ಹಂಗೇ ಹಾಕವ್ರೆ."

"ಪಾರ್ಸೆಲ್ಲು ಯಾವಾಗ ಬತ್ತದೆ ಭಾವನೋರೆ?" ಎಂದಳು ಅವ್ವ.

"ಪಾರ್ಸೆಲ್ ಬರಲ್ಲ. ವ್ಯಾಪಾರದ ಸರಕು, ಲೈಸೆನ್ಸ್ ಇಲ್ಲ. ಮುಟ್ಟುಗೋಲು ಹಾಕ್ಕೊಂಡವ್ರೆ. ಅದು ಸರಿಯೇ, ಕಾನೂನು." ಮತ್ತೆ ಹಾಳೆಯ ಕಡೆ ನೋಡಿ ಹೇಳಿದರು: "ಆದ್ರೆ ರಿಬ್ಬನ್ನಿಗೆ ಅವರು ತಕರಾರು ಮಾಡ್ತಾರೆ ಅಂತಿದ್ದೆ. ಮಾಡ್ಲೇ ಇಲ್ಲ ನೋಡಿ."

ಅವ್ವ ನೆಲಕ್ಕೆ ಕೂತಳು. ಅಳಲಿಲ್ಲ. ಕೈಗೆ ಸಿಕ್ಕ ಒಂದು ಗಿಟುಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅವರಿಗೆ ಅದು ಕಾಣಿಸಲೇ ಇಲ್ಲ. ಆ ಹಾಳೆಯ ಒಂದು ನಕಲು ಟೈಪ್ ಮಾಡಿಕೊಡುತ್ತೀಯಾ ಎಂದು ನನ್ನನ್ನು ಕೇಳಿದರು. ಅಲ್ಲಿಯವರೆಗೆ ದೊಡ್ಡಪ್ಪ ಎನ್ನುತ್ತಿದ್ದೆ, ಅವತ್ತಿನಿಂದ ಬಿಟ್ಟೆ.

ಅರಸೀಕೆರೆಯಿಂದ ಮಾಮೂಲಿ ಗ್ಲಾಸ್ ಪೇಪರು ತಂದು ಸುತ್ತಿಕೊಡುತ್ತೇನೆಂದು ಅವ್ವ ಸಾಹುಕಾರರ ಮನೆಗೆ ಹೋದಳು. "ನಮ್ಮ ಬೀಗ್ರಿಗೆ ಫಾರಿನ್ನು ಅಂತ ಹೇಳ್ಬುಟ್ಟಿದೀನಲ್ಲಮ್ಮ, ಈಗ ಈ ಸಂತೆ ಕಾಗದ ಹಿಡ್ಕಂಡು ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು," ಎಂದರು ಸಾಹುಕಾರರ ಹೆಂಡತಿ. ಬೆಂಗಳೂರಿನಿಂದ ಬಾದಾಮಿ ದ್ರಾಕ್ಷಿಯ ಡಬ್ಬಿಗಳು ಬಂದವು. ಬೀಗರಿಗೆ ಡಬ್ಬಿಗಳೇ ಇಷ್ಟವಾದವಂತೆ. ಅಲ್ಲಿಂದ ದೊಡ್ಡ ಮನೆಗಳ ಮದುವೆಗೆಲ್ಲ ಡಬ್ಬಿ. 'ಕಳ್ಳ ಸರಕು ತರಿಸಿ ಸಿಕ್ಕಿಬಿದ್ದವಳು' ಎನ್ನುವ ಮಾತು ಬೇರೆ ತುರುವೇಕೆರೆಯವರೆಗೂ ಹೋಯಿತು. ಅವ್ವನ ಹತ್ತಿರ ಬರುವವರು ಒಬ್ಬೊಬ್ಬರೇ ನಿಂತರು.

ಆ ನೂರೊಂದು ಗಿಟುಕು ಎಣ್ಣೆ ಬಿಟ್ಟು ಹಳದಿಯಾಗತೊಡಗಿದವು. ಒಂದು ದಿನ ಅವ್ವ ತುರಿಯೋ ಮಣೆ ತೆಗೆದುಕೊಂಡು ಕೂತಳು. ಆ ವರ್ಷವೆಲ್ಲ ನವಿಲು, ಮಲ್ಲಿಗೆ, ಬಾಸಿಂಗ ಎಲ್ಲವನ್ನೂ ಚಟ್ನಿಪುಡಿ ಮಾಡಿಕೊಂಡು ತಿಂದೆವು. ನಾನು ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ. ಅವ್ವ ಮಾತ್ರ ಸುಮ್ಮನೆ ಕಲಸಿ ತಿನ್ನುತ್ತಿದ್ದಳು.

ಅವರು? ಜಗಲಿಯ ಮೇಲೇ ಇದ್ದರು. ನಾನು ಹೋಗುವಾಗ ಬರುವಾಗ ಚೆನ್ನಾಗಿದೀಯೇನಮ್ಮ ಎನ್ನುತ್ತಿದ್ದರು. ಒಂದು ಸಲವೂ, ಹೀಗಾಗಬಾರದಿತ್ತು ಎನ್ನಲಿಲ್ಲ. ಬೇಜಾರಾಯಿತು ಎಂದು ಬಾಯಿಮಾತಿಗಾದರೂ ಹೇಳಿದ್ದರೆ ಅವ್ವ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಅವರ ಪ್ರಕಾರ ಅಲ್ಲಿ ತಪ್ಪೇ ನಡೆದಿರಲಿಲ್ಲ. ಆ ಉತ್ತರದ ಹಾಳೆಯನ್ನು ಸುಂಕದ ಪುಸ್ತಕದೊಳಗೆ ಮಡಿಸಿ ಇಟ್ಟುಕೊಂಡು, ಬಂದವರಿಗೆ ತೋರಿಸುತ್ತಿದ್ದರು.

ಮೂರು ವರ್ಷದ ಮೇಲೆ ಅವರ ಮಗಳ ಸೀಮಂತ ಬಂತು. ಅವರ ಹೆಂಡತಿ ಹಿತ್ತಲ ಬಾಗಿಲಿನಿಂದ ಬಂದು ಅವ್ವನ ಮುಂದೆ ನಿಂತರು. "ಕೇಳಕ್ಕೆ ಬಾಯಿಲ್ಲ ಕಣೇ. ಆದ್ರೂ ನನ್ನ ಮಗಳ ತಟ್ಟೇಲಿ ನಿನ್ನ ಕೈಯಿಂದು ಇರ್ಲಿ ಅಂತ ಆಸೆ," ಎಂದರು. ನಾನು ಒಳಗಿನಿಂದ ಕಣ್ಣಿನಲ್ಲೇ ಬೇಡ ಎಂದೆ. ಅವ್ವ, "ಆಗ್ಲಿ ಅಕ್ಕ," ಎಂದಳು.

ಒಂಬತ್ತು ಗಿಟುಕು. ಹದಿನೈದು ದಿನ ಕೆತ್ತಿದಳು. ಒಂದರ ಮೇಲೆ ತೊಟ್ಟಿಲು, ಅದರ ಹಗ್ಗದ ಹುರಿ ಕೂಡ ಎಣಿಸಬಹುದಿತ್ತು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಸೀಮಂತದ ಬೆಳಿಗ್ಗೆ ಬೇಗಡೆ ತರಲಾ ಎಂದು ಕೇಳಿದೆ. ಬೇಡ ಎಂದಳು. ಮನೆಯಲ್ಲಿದ್ದ ಹಳೆಯ ದಿನಪತ್ರಿಕೆ ಹರಿದು ಒಂದೊಂದನ್ನೂ ಪೊಟ್ಟಣ ಕಟ್ಟಿ, ಬಾಳೆನಾರಿನಲ್ಲಿ ಬಿಗಿದು, ತಟ್ಟೆಯಲ್ಲಿ ಜೋಡಿಸಿಕೊಂಡು ಹೊರಟಳು. ನಾನೂ ಹಿಂದೆಯೇ ಹೋದೆ.

ಅವರು ಜಗಲಿಯ ಮೇಲೆ ಬಂದವರನ್ನು ಎದುರುಗೊಳ್ಳುತ್ತಿದ್ದರು. ಮಸ್ಕತ್ತಿನ ಅಳಿಯ ಪಕ್ಕದಲ್ಲಿ ನಿಂತಿದ್ದ. ಅವ್ವ ತಟ್ಟೆಯನ್ನು ಅವರ ಮುಂದೆ ಹಿಡಿದು, ಮೆಲ್ಲಗೆ ಕೇಳಿದಳು:

"ನೋಡ್ಕಳಿ ಭಾವನೋರೆ. ಫಾರಿನ್ನದಲ್ಲ. ಬೇಗಡೆ ಇಲ್ಲ, ರಿಬ್ಬನ್ ಇಲ್ಲ. ವ್ಯಾಪಾರಕ್ಕಲ್ಲ, ನಿಮ್ಮ ಮಗಳಿಗೆ. ಇದು ಯಾವ ನಂಬ್ರ?"

ಅವರು ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ಈಗಲಾದರೂ ಒಂದು ಮಾತು ಬರುತ್ತದೆ ಎಂದು ಕಾದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಒಂದು ಪೊಟ್ಟಣದ ಅಂಚನ್ನು ಬೆರಳಲ್ಲಿ ಉಜ್ಜಿದರು.

"ಹಳೇ ಪತ್ರಿಕೆ," ಎಂದರು. "ನಲವತ್ತೇಳು. ರದ್ದಿ."

ಅವರ ಹೆಂಡತಿ ಬಂದು ಅವ್ವನ ಕೈಯಿಂದ ತಟ್ಟೆ ಇಸಿದುಕೊಂಡರು. ಒಳಗೆ ಪೊಟ್ಟಣ ಬಿಚ್ಚಿದರಂತೆ. ಬಸುರಿ ಹುಡುಗಿ ಆ ತೊಟ್ಟಿಲಿನ ಗಿಟುಕನ್ನು ಯಾರಿಗೂ ಕೊಡದೆ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು ಎಂದು ಆಮೇಲೆ ಗೊತ್ತಾಯಿತು. ಅವ್ವ ಮನೆಗೆ ಬಂದು ಚೂರಿಯನ್ನು ಸೌತೆಕಾಯಿ ಹೆಚ್ಚಲು ಅಡಿಗೆಮನೆಯಲ್ಲಿ ಇಟ್ಟಳು. ಮತ್ತೆ ಕೊಬ್ಬರಿಗೆ ಕೈ ಹಚ್ಚಲಿಲ್ಲ.

ಇಷ್ಟೆಲ್ಲ ನೆನೆಸಿಕೊಂಡು ಕೂತಿರುವಾಗ ಮಧ್ಯಾಹ್ನ ಕಳೆದಿತ್ತು. ಎದ್ದು ಮುಖ ತೊಳೆದುಕೊಂಡು ಬಂದು ಸ್ಟೆನ್ಸಿಲ್ ಹೊಡೆದೆ. ನೂರು ಪ್ರತಿ ತೆಗೆದು, ಮಸಿ ಆರಲು ಬೆಂಚಿನ ಮೇಲೆ ಹರಡಿದೆ.

ಸಂಜೆ ಅವರ ಮಗ ಬಂದ. ಒಳ್ಳೆಯ ಹುಡುಗ, ಅಪ್ಪನ ಹಾಗಲ್ಲ. ಮೇಲಿನ ಪ್ರತಿ ಎತ್ತಿಕೊಂಡು ಓದಿದ. 'ಸತ್ಯವಂತರಾದ ನಮ್ಮ ತೀರ್ಥರೂಪರು' ಎಂದಿತ್ತು. ತನ್ನ ರೂಲು ಹಾಳೆಯನ್ನು ನೋಡಿದ, ಮತ್ತೆ ಪ್ರತಿಯನ್ನು ನೋಡಿದ.

"ಅಕ್ಕ, 'ಪರೋಪಕಾರಿಗಳೂ' ಅನ್ನೋ ಪದ ಬಿಟ್ಟೋಗಿದೆ."

"ಬಿಟ್ಟೋಗಿಲ್ಲ ಕಣಪ್ಪ," ಎಂದೆ.

ಅವನು ರೂಲು ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. ಆಮೇಲೆ ನೂರು ಪ್ರತಿಯನ್ನೂ ಅಂಚು ಸರಿಮಾಡಿ ಜೋಡಿಸಿಕೊಂಡು, "ಬತ್ತೀನಿ ಅಕ್ಕ. ನಿಮ್ಮವ್ವಂಗೆ ಕೇಳ್ದೆ ಅಂತ ಹೇಳು," ಎಂದು ಹೋದ.